ಅವಳ ದನಿಗೆ ಕೂರಿಸಿದ ಗೇನ್

ತಾನು ಮೈಕು ವಿನ್ಯಾಸ ಮಾಡಿದ್ದ ಹೆಡ್‌ಸೆಟ್ಟನ್ನು ಅವನ ಮೇಜಿನ ಮೇಲೆ ಕುಕ್ಕಿ ಅವಳು ನಿಂತಳು. ಕಣ್ಣಲ್ಲಿ ಕೆಂಡ, ಗಂಟಲಲ್ಲಿ ಮಾತ್ರ ಎಂದಿನ ಪಿಸುದನಿ.

"ಲೋ ಗುಂಗುರು, ನನ್ನ ಮೈಕು ಸರಿಯಿಲ್ಲ ಅಂತ ಬಾಸ್ ಹತ್ರ ಹೇಳಿದ್ದು ನೀನೇನಾ?"

ಅದೇ ಹೆಡ್‌ಸೆಟ್ಟಿಗೆ ಆಂಪ್ಲಿಫೈಯರ್ ಮಾಡಿದ್ದ ಗುಂಗುರು ಕೂದಲಿನ ಎಂಜಿನಿಯರ್ ಬೆಚ್ಚಿ ತಲೆ ಎತ್ತಿದ. "ನಾನ್ಯಾಕೆ ಹೇಳ್ಲಿ?"

"ಮತ್ತೆ ಬಾಸ್ ಇದ್ರಲ್ಲಿ ಮಾತಾಡಿದ್ರೆ ಒಡಕು ತಗಡು ಬಡಿದಂಗೆ ಯಾಕೆ ಕೇಳ್ಸುತ್ತೆ?"

"ಅವ್ರ ದನಿ ಬರಿಗಿವಿಗೂ ಹಂಗೇ ಅಲ್ವಾ?"

ಅವಳು ನಗಲಿಲ್ಲ. "ಸಂಜೆಯೊಳಗೆ ಸರಿಹೋಗದಿದ್ರೆ ನನ್ನ ಮೈಕು ಕಿತ್ತಾಕಿ ಹೊರಗಿಂದ ತರಿಸ್ತಾರಂತೆ. ನಿಂಗೆ ತಮಾಷೆ…"

ಕಣ್ಣು ತುಂಬುವ ಮೊದಲೇ ಪರೀಕ್ಷಾ ಕೋಣೆಗೆ ನಡೆದುಬಿಟ್ಟಳು.

ಅಳತೆಗೆಂದೇ ಇರುವ ಸದ್ದನ್ನು ಹಾಕಿದಳು. ಮೈಕು ಎಷ್ಟು ಕೊಡಬೇಕೋ ಅಷ್ಟೇ ಕೊಟ್ಟಿತು. ಆಮೇಲೆ ಅವನ ಆಂಪ್ಲಿಫೈಯರ್ ಬೋರ್ಡು ಜೋಡಿಸಿದಳು. ಅಯ್ಯೋ, ಸದ್ದನ್ನು ಎಷ್ಟು ಪಟ್ಟು ದೊಡ್ಡದು ಮಾಡಬೇಕೆನ್ನುವ ಗೇನ್ ಆಕಾಶಕ್ಕೇರಿ ಕೂತಿದೆ! ಮೈಕು ಕೊಟ್ಟದ್ದನ್ನು ಇಷ್ಟು ಹಿಗ್ಗಿಸಿದರೆ ಜೋರು ದನಿ ಹರಿದು ಚಿಂದಿಯಾಗದೆ ಇನ್ನೇನು?

"ಹಲೋ…" ಎಂದಳು ಮೆಲ್ಲಗೆ.

ಅವಳ ದನಿ ಮಾತ್ರ ಉಸಿರಿನ ಸಮೇತ ತಿಳಿನೀರಿನಂತೆ ಕೇಳಿಸಿತು.

‘ಇದೇನು… ನನಗೊಬ್ಬಳಿಗೇ ಹೊಲಿದ ಅಂಗಿಯಂತಿದೆಯಲ್ಲ?’

ಬಾಗಿಲಲ್ಲಿ ಅವನು ನಿಂತಿದ್ದ.

"ಗೇನ್ ಯಾವ ಸದ್ದಿಗೆ ಕೂರಿಸ್ದೆ?"

"ನೀನು ಟೆಸ್ಟಿಗೆ ಅಂತ ಮಾತಾಡಿ ರೆಕಾರ್ಡ್ ಮಾಡಿ ಕೊಟ್ಟಿದ್ಯಲ್ಲ, ಅದಕ್ಕೆ."

"ಅದೊಂದಕ್ಕೇನಾ? ಯಾಕೋ?"

"ಮೀಟಿಂಗಲ್ಲಿ ಎಲ್ರೂ ನಿಂಗೆ ಜೋರಾಗಿ ಮಾತಾಡಮ್ಮ ಅಂತಾರೆ. ನಂಗೆ ಹಾಗನ್ನೋಕೆ ಮನಸ್ಸು ಬರ್ಲಿಲ್ಲ. ನಿನ್ನ ದನಿ ಕೇಳ್ತಾ ಕೇಳ್ತಾ… ಪ್ರಪಂಚದಲ್ಲಿ ಬೇರೆಯವ್ರೂ ಮಾತಾಡ್ತಾರೆ ಅನ್ನೋದೇ ಮರೆತೋಯ್ತು."

ಅವಳ ಕೋಪ ಎಲ್ಲಿ ಜಾರಿತೋ ಅವಳಿಗೇ ತಿಳಿಯಲಿಲ್ಲ.

"ನೀನು ಈ ಕಡೆ ಬಂದ್ಮೇಲೆ ಹೊಳೀತು, ತಪ್ಪು ನಂದು ಅಂತ ಬಾಸಿಗೆ ಹೇಳಿ ಬಂದೆ," ಎಂದ ಅವನು. "ಮೈಕು ನಿಂದೇ ಇರುತ್ತೆ. ಬೈಗುಳ ಪೂರ್ತಿ ನಂಗೆ."

ಇಬ್ಬರೂ ಕೂತು ಗೇನ್ ಇಳಿಸಿದರು. ಬಾಸ್ ಬಂದು ಮೈಕಿನಲ್ಲಿ ಗುಡುಗಿದರು. ಒಂದು ಅಕ್ಷರವೂ ಒಡೆಯಲಿಲ್ಲ. "ಮೊದ್ಲೇ ಹಿಂಗ್ ಮಾಡೋಕೆ ಏನ್ ರೋಗ?" ಎಂದು ಹೊರಟುಹೋದರು.

ಅವನ ಮುಖ ಮಾತ್ರ ಬಾಡಿತ್ತು. "ಈಗ ನಿನ್ನ ದನಿ ಸಣ್ಣಗಾಯ್ತಲ್ಲ…"

"ಅಷ್ಟು ದೂರ ಕೂತ್ರೆ ಸಣ್ಣಗೇ ಕೇಳ್ಸೋದು. ಹತ್ರ ಬಾ."

ಅವನು ಕುರ್ಚಿ ಎಳೆದುಕೊಂಡು ಬಂದ. ಭುಜಕ್ಕೆ ಭುಜ ತಾಗಿತು.

"ಈಗ ಕೇಳ್ತಿದ್ಯಾ?"

"ಹ್ಞೂಂ… ಚೆನ್ನಾಗಿ ಕೇಳ್ತಿದೆ."

"ಏನ್ ಕೇಳ್ತಿದೆ ಪೆದ್ದು? ನೀನಂದ್ರೆ ಇಷ್ಟ ಅಂತ ನಾನಿನ್ನೂ ಹೇಳೇ ಇಲ್ವಲ್ಲ."