ಏಳನೆಯ ನಂಬರಿನ ರಕ್ತ

ಸಂಗ್ರಾಮ ಮತ್ತೆ ತಡವಾಗಿ ಬಂದ. ಒಂಬತ್ತಕ್ಕೆ ಬರಬೇಕಾದ ಐಸ್ ಬಾಕ್ಸು ಲ್ಯಾಬಿನಲ್ಲಿ ಪೂನಮಳ ಟೇಬಲ್ ಮೇಲೆ ಕುಳಿತಾಗ ಹತ್ತೂಮುಕ್ಕಾಲು.

"ಐನಾಪುರದಾಗ ಯಾರರ ಸಿಕ್ಕಾರೇನ್ರಿ?" ರಿಜಿಸ್ಟರಿನಿಂದ ತಲೆ ಎತ್ತದೆ ಕೇಳಿದಳು. "ಮೂರ ವಾರ ಆತು, ನಿಮ್ಮ ಗಾಡಿಗೆ ಇತ್ತಾಗಿನ ದಾರಿ ಮರತಂಗ ಐತಿ."

"ಯಾರ ಸಿಗ್ತಾರ್ರಿ ಮೇಡಮ್. ರಕ್ತದ ಬಾಕ್ಸ್ ಹಿಡಕೊಂಡ ಹೋದ್ರ ನಾಯಿ ಸೈತ ಹತ್ರ ಬರಂಗಿಲ್ಲ."

ಬೇರೆ ದಿನವಾಗಿದ್ದರೆ ಹೀಗೆ ಹೇಳಿ ಅವಳ ಕಣ್ಣಲ್ಲಿ ಕಣ್ಣಿಟ್ಟು ನಗುತ್ತಿದ್ದ. ಆ ನಗೆಗಾಗಿಯೇ ಅವಳು ಅವನು ಬರುವ ಮಂಗಳವಾರ, ಶುಕ್ರವಾರ ಇಸ್ತ್ರಿ ಮಾಡಿದ ಕೋಟು ಹಾಕುತ್ತಿದ್ದಳು. ಕೇಳಿದರೆ ಆಣೆ ಮಾಡಿ ಇಲ್ಲವೆನ್ನುತ್ತಿದ್ದಳು, ಆ ಮಾತು ಬೇರೆ. ಇಂದು ಅವನು ಗೋಡೆ ನೋಡುತ್ತ ನಿಂತ. ಡಿಸೆಂಬರಿನ ಚಳಿಯಲ್ಲೂ ಅವನ ಹಣೆ ಬೆವರಿತ್ತು. ಸಹಿ ಹಾಕಿ, ಬಾಕ್ಸು ಖಾಲಿಯಾಗುವವರೆಗೆ ಕಾಯಲು ಕೆಳಗೆ ಬೇವಿನ ಮರದ ಹತ್ತಿರ ಹೋದ.

ಯಾರೋ ಇದ್ದಾಳೆ, ಅಂದುಕೊಂಡಳು ಪೂನಮ. ಕಣ್ಣು ತಪ್ಪಿಸುವ ಗಂಡಸಿಗೆ ಬೇರೆ ಕಾರಣ ಇರುತ್ತದೆಯೇ?

ಚಿಕ್ಕೋಡಿಯ ಆ ಲ್ಯಾಬು ಯಾರೊಬ್ಬರ ಸ್ವತ್ತೂ ಅಲ್ಲ. ನಿಪ್ಪಾಣಿಯ ತಂಬಾಕು ಕೆಲಸದ ಹೆಂಗಸರ ಪರೀಕ್ಷೆ, ರಾಯಬಾಗದ ಬೋರ್‌ವೆಲ್ ನೀರಿನ ಪರೀಕ್ಷೆ, ಐನಾಪುರ, ಕಾಗವಾಡದ ಕಡೆ ದ್ರಾಕ್ಷಿಗೆ ಔಷಧ ಹೊಡೆಯುವವರ ರಕ್ತದ ಪರೀಕ್ಷೆ, ಎಲ್ಲವೂ ಅಲ್ಲೇ. ಯಂತ್ರ ಒಂದು, ಅದನ್ನು ಎಲ್ಲರೂ ಸರದಿಯ ಮೇಲೆ ಬಳಸಬೇಕು. ಔಷಧದ ವಿಷ ಮೈಗೆ ಹತ್ತಿದಷ್ಟೂ ರಕ್ತದ ಒಂದು ಅಂಕಿ ಇಳಿಯುತ್ತದೆ. ಅರ್ಧಕ್ಕಿಂತ ಇಳಿದರೆ ಆ ಮನುಷ್ಯನನ್ನು ಹುಡುಕಿ ಕೆಲಸ ಬಿಡಿಸಬೇಕು. ಸೀಸೆಗಳ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಹೆಸರಿನ ಪಟ್ಟಿ ಲ್ಯಾಬಿನ ಮುಖ್ಯಸ್ಥೆ ರಾಜಮತಿ ಡಾಕ್ಟರ ಕಪಾಟಿನಲ್ಲಿತ್ತು.

ತಿಂಗಳ ಹಿಂದೆ ದ್ರಾಕ್ಷಿ ತೋಟದ ಧೂಳಪ್ಪನೆಂಬ ಹಿರಿಯ ಆಳಿನ ಅಂಕಿ ಹಾಗೆ ಇಳಿದಿತ್ತು. ಒಂದು ತಿಂಗಳು ಔಷಧದ ಹತ್ತಿರ ಸುಳಿಯಕೂಡದು ಎಂದು ಪೂನಮಳೇ ಚೀಟಿ ಬರೆದು ಸಂಗ್ರಾಮನ ಕೈಯಲ್ಲಿ ಕಳಿಸಿದ್ದಳು.

ಇಂದು ಇಳಿದದ್ದು ಹಸಿರು ಮುಚ್ಚಳದ ಏಳನೆಯ ನಂಬರು. ಅವಳು ಎರಡು ಸಲ ಕಣ್ಣುಜ್ಜಿಕೊಂಡಳು. ಹಸಿರು ಮುಚ್ಚಳವೆಂದರೆ ಹೊಲಕ್ಕೇ ಹೋಗದವರದು, ಹೋಲಿಸಿ ನೋಡಲು ಕೊಟ್ಟದ್ದು. ಮೇಷ್ಟ್ರು, ಗುಮಾಸ್ತರು, ಅಂಥವರು. ಅವರ ಮೈಯಲ್ಲಿ ವಿಷ ಎಲ್ಲಿಂದ ಬರಬೇಕು? ತನ್ನ ಕೈಯೇ ತಪ್ಪಿತೆಂದು ಹೆದರಿದಳು. ಮುಂದಿನ ಸರದಿ ತಂಬಾಕಿನವರದು. ಅವರನ್ನು ಕಾಡಿ ಬೇಡಿ ಅದೇ ರಕ್ತವನ್ನು ಇನ್ನೊಮ್ಮೆ ಹಾಕಿದಳು. ಅದೇ ಅಂಕಿ ಬಂತು.

"ಮೇಡಮ್ರಿ, ಪಟ್ಟಿ ತಗೀಬೇಕಾಗೈತಿ."

"ಹಸರ ಮುಚ್ಚಳದ್ದ? ಯಂತ್ರ ತಪ್ಪಿರತೈತಿ ನೋಡವಾ," ಎಂದರು ರಾಜಮತಿ ಡಾಕ್ಟರು.

"ಎರಡ ಸಲ ನೋಡೀನ್ರಿ."

ಡಾಕ್ಟರ ಬೆರಳು ಪಟ್ಟಿಯ ಮೇಲೆ ಇಳಿಯಿತು. ಐದು, ಆರು. ಏಳರ ಮುಂದೆ ನಿಂತಿತು. ಅವರು ಪುಸ್ತಕವನ್ನು ಅವಳ ಕಡೆ ತಿರುಗಿಸಿದರು.

ಸಂಗ್ರಾಮ.

ಪೂನಮಳಿಗೆ ಈಗ ಹೊಳೆಯಿತು. ಆ ಬೆವರು, ಆ ತಪ್ಪಿಸಿದ ಕಣ್ಣು. ತಾನು ಅವನನ್ನು ಏನೆಂದು ಚುಚ್ಚಿದ್ದಳು? ಮೆಟ್ಟಿಲನ್ನು ಎರಡೆರಡಾಗಿ ಇಳಿದು ಓಡಿದಳು.

ಅವನು ಖಾಲಿ ಬಾಕ್ಸು ಕಟ್ಟಿಕೊಂಡು ಬೈಕಿನ ಮೇಲೆ ಕುಳಿತು ಕೀಲಿ ಹಾಕಲು ನೋಡುತ್ತಿದ್ದ. ಕೀಲಿ ತೂತಿನ ಆಚೆ ಈಚೆ ತಾಗುತ್ತಿತ್ತೇ ಹೊರತು ಒಳಗೆ ಹೋಗುತ್ತಿರಲಿಲ್ಲ.

"ನನ್ನ ಕಡೆ ನೋಡ್ರಿ," ಎಂದಳು.

"ಬಿಸಲಿಗೆ ಏನೋ..."

"ನೋಡ್ರಿ ಅಂದ್ನೆಲ್ಲ."

ಅವನು ನೋಡಿದ. ಅವಳು ಎಷ್ಟೋ ವಾರ ಕದ್ದು ನೋಡಿದ್ದ ಕಣ್ಣುಗಳವು. ಮರದ ನೆರಳಿನಲ್ಲೂ ಪಾಪೆಗಳು ಸಾಸಿವೆ ಕಾಳಿನಷ್ಟಾಗಿದ್ದವು. ಔಷಧದ ವಿಷ ಏರಿದವರ ಕಣ್ಣು ಹಾಗಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕೀಲಿ ಕಸಿದುಕೊಂಡಳು. ಅಷ್ಟರಲ್ಲಿ ಅವನು ಬಗ್ಗಿ ವಾಂತಿ ಮಾಡಿ, ಅವಳ ತೋಳ ಮೇಲೆಯೇ ಕುಸಿದ.

ಸರಕಾರಿ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಲ್ಯಾಬಿನ ಜೀಪಿನಲ್ಲಿ ಅವಳು ಅವನ ಉಸಿರು ಎಣಿಸುತ್ತ ಕುಳಿತಳು. ಒಂದು ಉಸಿರು ತಡವಾದರೆ ಅವಳದೂ ನಿಲ್ಲುತ್ತಿತ್ತು. ದೇವರ ಹೆಸರು ಒಂದೂ ನೆನಪಾಗಲಿಲ್ಲ.

ಮರುದಿನ ಧೂಳಪ್ಪ ಬಂದ. ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು, ವಾರ್ಡಿನ ಹೊರಗೇ ನಿಂತು ಹೇಳಿದ. "ತಪ್ಪ ನಂದ ತಂಗಿ. ನಾ ತಿಂಗಳ ಮನ್ಯಾಗ ಕುಂತ್ರ ನನ್ನ ಜಾಗಾಕ್ಕ ಬ್ಯಾರೆಯವ್ರ ಬರತಾರ. ಬ್ಯಾಡ ಅಂದ್ರೂ ಈ ಹುಡಗ ಕೇಳಲಿಲ್ಲ. ನಸಕಿನ್ಯಾಗ ಬಂದು ನನ್ನ ಪಂಪ ಹೊತಗೊಂಡು ಔಷಧ ಹೊಡದು, ಆಮ್ಯಾಲ ನಿಮ್ಮ ಬಾಕ್ಸ್ ತರತಿದ್ದ."

ಪೂನಮ ಒಳಗೆ ಹೋದಳು. ಇಂಜೆಕ್ಷನ್ನಿನ ದೆಸೆಯಿಂದ ಸಂಗ್ರಾಮನ ಪಾಪೆಗಳು ಈಗ ಅಗಲವಾಗಿ ಅರಳಿದ್ದವು.

"ಮೇಡಮ್ರೇನು? ಹತ್ರಂದು ಏನೂ ಕಾಣವಲ್ದ್ರಿ. ಬಿಳಿ ಕೋಟ ಅಷ್ಟ ಮಸಕ ಮಸಕ."

"ನನಗೊಂದ ಮಾತ ಹೇಳಬಾರದಿತ್ತ?"

"ಧೂಳಪ್ಪ ಕಾಕಾ ಚೀಟಿ ಓದಸ್ಕೊಂಡು ಹರದ ಒಗ್ಯಾಕ ಹೊಂಟಿದ್ದ್ರಿ. ನಿಮ್ಮ ಅಕ್ಷರ ಹರಿಯೂದು ನೋಡಾಕ ಆಗಲಿಲ್ಲ."

ಅವಳಿಗೆ ಸಿಟ್ಟು ಬಂತು, ಅಳು ಬಂತು. ಯಾವುದು ಮೊದಲು ಬಂತೋ ತಿಳಿಯಲಿಲ್ಲ.

"ಹರದ್ರ ಇನ್ನೊಂದ ಬರೀತಿದ್ದೆ. ಹತ್ತ ಬರೀತಿದ್ದೆ. ನೀ ಇರೂದು ಒಬ್ಬನ."

ಅವಳು ಮೊದಲ ಸಲ ನೀನೆಂದು ಕರೆದಿದ್ದಳು. ಅವನು ಮುಖವನ್ನು ಆ ದನಿಯ ಕಡೆ ತಿರುಗಿಸಿದ.

"ಕಣ್ಣ ಯಾಕ ತಪ್ಪಸ್ತಿದ್ದಿ?"

"ನಿಮ್ಮ ಮುಖಾ ಎರಡೆರಡ ಕಾಣತಿತ್ರಿ. ಯಾವದನ್ನ ನೋಡಿ ನಗಲಿ?"

ರಾಜಮತಿ ಡಾಕ್ಟರು ತೋಟದ ಮಾಲೀಕ ಆಬಾಸಾಹೇಬರ ಮನೆಗೆ ಹೋಗಿ ಇಬ್ಬರ ಅಂಕಿಗಳನ್ನೂ ಮುಂದಿಟ್ಟರು. ಆಬಾಸಾಹೇಬರು ಮೊದಲು ಗೊಣಗಿ, ಆಮೇಲೆ ತಲೆ ತಗ್ಗಿಸಿ, ಧೂಳಪ್ಪನಿಗೆ ಗೇಟಿನ ಕಾವಲು ಕೊಟ್ಟರು. ಪೂನಮಳ ಹೆದರಿಕೆ ಮಾತ್ರ ಇಳಿಯಲಿಲ್ಲ. ಊಟಕ್ಕೆ ಕುಳಿತರೂ ಆ ಸಾಸಿವೆ ಕಾಳಿನಂಥ ಪಾಪೆಗಳೇ ಕಾಣುತ್ತಿದ್ದವು.

ಹದಿನೈದು ದಿನದ ನಂತರ ಹಸಿರು ಮುಚ್ಚಳದ ಏಳನೆಯ ನಂಬರು ಮತ್ತೆ ಯಂತ್ರಕ್ಕೆ ಹೋಯಿತು. ಅವಳು ಕಣ್ಣು ಮುಚ್ಚಿ ನಿಂತಳು. ತೆರೆದು ಅಂಕಿ ನೋಡಿ, ಅಲ್ಲೇ ಸ್ಟೂಲಿನ ಮೇಲೆ ಕುಳಿತಳು.

ಬಾಗಿಲಲ್ಲಿ ಸಂಗ್ರಾಮ ನಿಂತಿದ್ದ. ಬೈಕಿನ ಕೀಲಿ ಇನ್ನೂ ಅವಳ ಹತ್ತಿರವೇ ಇತ್ತು, ಬಸ್ಸಿಗೆ ಬಂದಿದ್ದ.

"ಎಷ್ಟ ಐತ್ರಿ?"

"ಅರ್ಧಾ ದಾಟೈತಿ. ಪೂರ್ತಿ ಆಗಾಕ ಇನ್ನೂ ಒಂದೆರಡ ತಿಂಗಳ ಬೇಕು. ಹದಿನೈದ ದಿನಕ್ಕೊಮ್ಮೆ ಬರಬೇಕು."

"ಪೂರ್ತಿ ಆದ ಮ್ಯಾಲ?"

ಅವಳು ಎದ್ದು ಅವನ ಹತ್ತಿರ ಬಂದಳು. ನೋಡಲು ಹೆದರಿಕೆಯಾಯಿತು. ಆದರೂ ನೋಡಿದಳು. ಕಿಟಕಿಯ ಬೆಳಕಿಗೆ ಪಾಪೆಗಳು ಎಲ್ಲರವು ಇರುವಷ್ಟೇ ಇದ್ದವು.

"ಆಮ್ಯಾಲೂ ಬಾ," ಎಂದಳು. "ಬಾಕ್ಸ್ ಬಿಟ್ಟು ಬಾ. ಈ ಕಣ್ಣ ದಿನಾ ನೋಡಿದ್ರಷ್ಟ ನನ್ನ ಹೆದರಿಕಿ ಹೋಗೂದು."

ಅವನು ಕಣ್ಣು ತಪ್ಪಿಸಲಿಲ್ಲ.