ಸಮುದ್ರಕ್ಕೊಂದು ಗವಸು

ಮಂಗಳವಾರ ಬೆಳಗ್ಗೆ ಹತ್ತೂವರೆಗೆ ವಿಮಾನ ಟಿಕೆಟ್ ಕಚೇರಿಯ ಮಾಲೀಕರು ಠಾಣೆಗೆ ಬಂದು, ಮೇಜಿನ ಮೇಲಿದ್ದ ಗ್ಲೋಬು ಕಳುವಾಗಿದೆ ಎಂದು ದೂರು ಕೊಟ್ಟರು. ಎಫ್‌ಐಆರ್ ದಾಖಲಾಯಿತು. ಕಳುವಾದ ಮಾಲಿನ ವಿವರದಲ್ಲಿ ಕಾನ್‌ಸ್ಟೇಬಲ್ 'ಭೂಮಿ, ಒಂದು' ಎಂದು ಬರೆದಿದ್ದನ್ನು ಇನ್ಸ್‌ಪೆಕ್ಟರ್ ಹೊಡೆದುಹಾಕಿಸಿದರು.

ಹನ್ನೊಂದೂಕಾಲಿಗೆ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಮೇಜಿನ ಧೂಳಿನಲ್ಲಿ ಗ್ಲೋಬಿನ ಪೀಠದ ದುಂಡು ಗುರುತು, ಪಕ್ಕದಲ್ಲೇ ನೀಲಿ ಸೀಮೆಸುಣ್ಣದ ಚಪ್ಪಟೆ ತುಂಡು. ಇನ್ಸ್‌ಪೆಕ್ಟರ್ ಅದನ್ನು ಬಹಳ ಹೊತ್ತು ನೋಡಿದರು. ಮೂರು ವಾರದಿಂದ ದರ್ಜಿಯ ಅಂಗಡಿಯಲ್ಲೇ ಇದ್ದು ದಿನವೂ 'ನಾಳೆ' ಸಿಗಲಿದ್ದ ಅವರ ಸಮವಸ್ತ್ರದ ಪ್ಯಾಂಟಿನ ಮೇಲೂ ಇದೇ ನೀಲಿಯ ಗೆರೆಗಳಿದ್ದವು.

ನಿನ್ನೆ ಯಾರಾದರೂ ಜಗಳಕ್ಕೆ ಬಂದಿದ್ದರೇ ಎಂದು ಕೇಳಿದಾಗ ಕಚೇರಿಯ ಗುಮಾಸ್ತೆ ನಕ್ಕಳು. ಎದುರು ಬೀದಿಯ ದರ್ಜಿ ಸಂಜೆ ಬಂದು, ತನಗೂ ಹೆಂಡತಿಗೂ ಮಾಡಿಸಿದ್ದ ಟಿಕೆಟ್ಟನ್ನು ಅವಳ ಮುಂದೆ ಹಿಡಿದಿದ್ದ. ಹೋಗುವಾಗ ಬೆಳಗ್ಗೆ ಹತ್ತಕ್ಕೆ ಹೊರಟು ಅದೇ ದಿನ ಮಧ್ಯಾಹ್ನ ಎರಡಕ್ಕೆ ಇಳಿಯುವುದು. ಬರುವಾಗ ಹತ್ತಕ್ಕೆ ಹೊರಟರೆ ಇಳಿಯುವುದು ಮರುದಿನ ಹತ್ತಕ್ಕೆ.

"ಬಟ್ಟೇನ ಆ ತುದಿಯಿಂದ ಅಳೆದ್ರೂ ಈ ತುದಿಯಿಂದ ಅಳೆದ್ರೂ ಉದ್ದ ಒಂದೇ ಅಲ್ವೇನಮ್ಮಾ ಅಂದ್ರು ಸಾರ್."

ಅವಳು ಗ್ಲೋಬು ತಿರುಗಿಸಿ ವಿವರಿಸಿದ್ದಳು. ಆ ಊರಿನ ಗಡಿಯಾರ ಇಲ್ಲಿಗಿಂತ ಹತ್ತು ಗಂಟೆ ಹಿಂದೆ. ದೂರ ಹನ್ನೆರಡು ಸಾವಿರ ಕಿಲೋಮೀಟರ್, ಬಹುಪಾಲು ಸಮುದ್ರದ ಮೇಲೆ. ಹೋಗಲೂ ಬರಲೂ ಹದಿನಾಲ್ಕೇ ಗಂಟೆ. ದರ್ಜಿ ಗ್ಲೋಬಿಗೆ ಟೇಪು ಹಿಡಿದು ನೋಡಿ, ಬೆವರಿ, ಕುಡಿಯಲು ನೀರು ಕೇಳಿದ್ದ. ಅವಳು ನೀರು ತರುವಷ್ಟರಲ್ಲಿ ಮಾಯವಾಗಿದ್ದ. ಗ್ಲೋಬೂ ಇಲ್ಲವೆಂದು ತಿಳಿದದ್ದು ಬೆಳಗ್ಗೆ.

ಹನ್ನೆರಡೂವರೆಗೆ ದರ್ಜಿಯ ಅಂಗಡಿ ಶೋಧಿಸಲಾಯಿತು. ಇಸ್ತ್ರಿ ಮೇಜಿನ ಕೆಳಗೆ ಗ್ಲೋಬು ಸಿಕ್ಕಿತು. ಅದಕ್ಕೊಂದು ಹೂವಿನ ಬಟ್ಟೆಯ ಗವಸು ತೊಡಿಸಿತ್ತು. ಎಲ್ಲೂ ಸುಕ್ಕಿಲ್ಲ, ಕೆಳಗೆ ಲಾಡಿ ಬೇರೆ.

"ಇದನ್ನ ಒಂದೇ ರಾತ್ರೀಲಿ ಹೊಲಿದ್ರಾ?"

"ಹೌದು ಸಾರ್."

"ನನ್ನ ಪ್ಯಾಂಟು?"

"ನಾಳೆ ಸಾರ್."

ಒಂದು ಗಂಟೆಗೆ ಬಂಧನವಾಯಿತು. ದರ್ಜಿ ಏನನ್ನೂ ಮುಚ್ಚಿಡಲಿಲ್ಲ. ಹೆಂಡತಿಯ ಅಕ್ಕ ಇರುವುದು ಆ ದೂರದ ಊರಿನಲ್ಲಿ. ಅವಳ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಪೂರ್ತಿ ಹೋಗುವ ಮೊದಲು ತಂಗಿಯ ಮುಖ ನೋಡಬೇಕೆಂದು ಫೋನಿನಲ್ಲಿ ಅತ್ತಿದ್ದಳು. ಈ ತಂಗಿಗೋ ಬಸ್ಸಿನಲ್ಲಿ ಒಂದು ಗಂಟೆ ಕೂತರೂ ತಲೆಸುತ್ತು. ಟಿಕೆಟ್ ನೋಡಿ, ನಾಲ್ಕೇ ಗಂಟೆ ಕಣೇ ಎಂದು ಗಂಡ ಹೇಳಿದ ಮೇಲೆ ಒಪ್ಪಿದ್ದಳು. ಮಂಗಳವಾರ ಮಧ್ಯಾಹ್ನ ಕಾಗದಪತ್ರ ಕೊಡಲು ಅವಳೇ ಆ ಕಚೇರಿಗೆ ಹೋಗುವವಳಿದ್ದಳು. ಗ್ಲೋಬಿನ ಮೇಲಿನ ಅಷ್ಟೊಂದು ನೀರು ಕಣ್ಣಿಗೆ ಬಿದ್ದರೆ ಪ್ರಯಾಣವನ್ನೇ ಬಿಟ್ಟಾಳು ಎಂದು ಅವನು ಹೆದರಿದ್ದ.

ಎರಡು ಗಂಟೆಗೆ ಹೆಂಡತಿ ಠಾಣೆಗೆ ಬಂದಳು. ಇನ್ಸ್‌ಪೆಕ್ಟರರ ಮೇಜಿನ ಮೇಲಿದ್ದ ಗ್ಲೋಬಿನ ಗವಸು ಸರಿಸಿ, ಸಮುದ್ರದ ನೀಲಿಯನ್ನು ನೋಡಿದಳು. ದರ್ಜಿ ತಲೆ ತಗ್ಗಿಸಿದ.

"ಇವರು ನಾಲ್ಕು ಅಂದಾಗ್ಲೇ ನಾನು ಹದಿನಾಲ್ಕು ಅಂದ್ಕೊಂಡೆ ಸಾರ್," ಎಂದಳು. "ದರ್ಜಿ ಹೆಂಡ್ತಿ ಅಲ್ವಾ. ನಮ್ಮಕ್ಕನ್ನ ನೋಡ್ಬೇಕು, ತಲೆ ಸುತ್ತಿದ್ರೆ ಸುತ್ತಲಿ. ಇವರನ್ನ ಯಾವಾಗ ಬಿಡ್ತೀರಿ?"

ನಾಳೆ ಎನ್ನಲು ಬಾಯಿ ತೆರೆದ ಇನ್ಸ್‌ಪೆಕ್ಟರ್ ಅವಳ ಮುಖ ನೋಡಿ, ಜಾಮೀನಿನ ಕಾಗದ ತರಿಸಿದರು.

ಕಡತದಲ್ಲಿ 'ಕೃತ್ಯಕ್ಕೆ ಕಾರಣ' ಎಂಬಲ್ಲಿ ಅವರು ತಾವೇ ಬರೆದರು: ಹೆಂಡತಿಯನ್ನು ಅವಳ ಅಕ್ಕನ ಹತ್ತಿರ ತಲುಪಿಸುವುದು.