ಎರಡು ಸಲ ಬಾರಿಸಿದರೆ

ಬಂದರು ಕಂಪನಿಯ ಹಡಗು ಲಂಗರು ಹಾಕಬಾರದ ಜಾಗದಲ್ಲಿ ಲಂಗರು ಹಾಕಿತು. ಕೆಳಗೆ ನೀರಿನಲ್ಲಿ, ಹವಳ ಮತ್ತೆ ಬೆಳೆಯಲೆಂದು ಕಬ್ಬಿಣದ ಚೌಕಟ್ಟಿಗೆ ಅದರ ತುಂಡು ಕಟ್ಟುತ್ತಿದ್ದ ಸ್ವಯಂಸೇವಕನೊಬ್ಬ ಸತ್ತ. ತಪ್ಪು ಸತ್ತವನದೇ ಎಂದು ಕಂಪನಿ ಕಾಗದ ತಂದಿತು. ಅವನ ಸ್ವಂತ ಅಣ್ಣ ಸಹಿ ಹಾಕಿದ.

ಸತ್ತವನ ಹೆಂಡತಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಎಲ್ಲರ ಬಾಯಲ್ಲೂ ಅವಳು ಟೈಲರಮ್ಮ. ವರ್ಷ ತುಂಬುವ ಮೊದಲೇ ಅವಳು ಬೆನ್ನಿಗೆ ಗಾಳಿಯ ಸಿಲಿಂಡರ್ ಏರಿಸಿ ಮತ್ತೆ ಸಮುದ್ರಕ್ಕಿಳಿದಾಗ ಊರು ಮೂಗಿನ ಮೇಲೆ ಬೆರಳಿಟ್ಟಿತು. ಇಟ್ಟುಕೊಳ್ಳಲಿ. ಗಂಡ ಕಟ್ಟಿಟ್ಟು ಹೋದ ಹವಳವನ್ನು ಊರೇನೂ ನೋಡಿಕೊಳ್ಳುವುದಿಲ್ಲವಲ್ಲ.

ನೀರಿಗೆ ಒಬ್ಬರೇ ಇಳಿಯುವಂತಿಲ್ಲ. ಜೊತೆಗೆ ಸಿಕ್ಕವನು ಹೊಸಬ, ಹಲ್ಲಿನ ಡಾಕ್ಟರು. ಮೊದಲ ದಿನ ಅವಳು ಹವಳಕ್ಕೆ ಗಂಟು ಹಾಕುತ್ತಿದ್ದಂತೆ ಅವನು ಹೆಬ್ಬೆರಳು ಎತ್ತಿದ. ಅವಳು ಅವನ ಸಿಲಿಂಡರಿನ ಪಟ್ಟಿ ಹಿಡಿದು ಮೇಲಕ್ಕೆ ಕರೆತಂದಳು.

"ಏನಾಯ್ತು? ಗಾಳಿ ಸಾಲ್ತಿಲ್ವಾ?"

"ಗಾಳಿ ಇದೆ. ನಿಮ್ಮ ಗಂಟು ಸೂಪರ್ ಅಂದೆ."

"ಡಾಕ್ಟ್ರೇ, ನೀರೊಳಗೆ ಹೆಬ್ಬೆರಳು ಎತ್ತಿದ್ರೆ ಮೇಲಕ್ಕೆ ಹೋಗೋಣ ಅಂತ."

"ಹಾಗಾದ್ರೆ ಹೊಗಳೋದು ಹೇಗೆ?"

"ಅಲ್ಲಿ ಯಾರೂ ಯಾರನ್ನೂ ಹೊಗಳಲ್ಲ. ಅದಕ್ಕೇ ನನಗಿಷ್ಟ."

ಅವನು ನಕ್ಕ. ಮಾಸ್ಕಿನ ಅಚ್ಚು ಕೆನ್ನೆಯ ಮೇಲೆ ಕೆಂಪಗೆ ಕೂತಿತ್ತು. ಅವಳು ಮುಖ ತಿರುಗಿಸಿದಳು, ತುಸು ತಡವಾಗಿ.

ಆಮೇಲೆ ವಾರವಾರವೂ ಬಂದ. ಟೂತ್‌ಬ್ರಷ್ ಹಿಡಿದು ಹವಳದ ಪಾಚಿ ಉಜ್ಜುವ ಕೆಲಸ ಅವನದು. "ನೋವು ಅಂತ ಅರಚದ ಪೇಷೆಂಟು ಇದೇ ಮೊದಲು" ಎನ್ನುತ್ತಿದ್ದ. ಎಷ್ಟೋ ತಿಂಗಳ ಮೇಲೆ ದೋಣಿಯಲ್ಲಿ ಅವಳ ನಗು ಕೇಳಿಸಿತು.

ಆದರೆ ಕೆಳಗೆ ಇನ್ನೊಂದು ಕೇಳಿಸುತ್ತಿತ್ತು. ಟಣ್. ಟಣ್. ಗಂಡ ಹೀಗೆಯೇ ಉಂಗುರದಿಂದ ಸಿಲಿಂಡರಿಗೆ ಎರಡು ಸಲ ಬಾರಿಸಿ ಅವಳನ್ನು ಕರೆಯುತ್ತಿದ್ದ. ನೀರೊಳಗಿನ ಸದ್ದಿಗೆ ದಿಕ್ಕಿಲ್ಲ, ಎಲ್ಲೆಡೆಯಿಂದಲೂ ಬರುತ್ತದೆ. ತಿರುಗಿದರೆ ಡಾಕ್ಟರು ತನ್ನ ಪಾಡಿಗೆ ಉಜ್ಜುತ್ತಿರುತ್ತಿದ್ದ. ಅವನ ಬೆರಳುಗಳ ಮೇಲೆ ಕಣ್ಣು ನಿಂತಾಗಲೇ ಸದ್ದು ಬರುವುದೆಂದು ಅವಳಿಗೆ ಹೊಳೆದ ದಿನ, ಮನೆಗೆ ಬಂದು ಸೂಜಿಗೆ ದಾರವಿಲ್ಲದೆಯೇ ಹೊಲಿಗೆ ಮಷಿನ್ ತುಳಿದಳು.

ಬೇಸಿಗೆಯಲ್ಲಿ ನೀರು ಕಾಯಿತು. ಹವಳವೆಲ್ಲ ಬಿಳಿಚಿಕೊಂಡಿತು.

ದೋಣಿ ಭಾವನದು, ಸಹಿ ಹಾಕಿದ ಅದೇ ಭಾವನದು. ಅದಕ್ಕೀಗ ಹೊಸ ಎಂಜಿನ್. ಅವನು ಅವಳ ಮುಖ ನೋಡದೆ ಹೇಳಿದ: "ಕಂಪನಿಯೋರು ಹಡಗಿನ ದಾರಿ ಆಳ ಮಾಡ್ತಾರಂತಮ್ಮ, ಹವಳ ಸತ್ತಿದ್ರೆ ತಡೆಯಿಲ್ಲ. ಹವಳದ ದಿಬ್ಬ ಸತ್ತಿದೆ ಅಂತ ನೀರೊಳಗೆ ಬರೆಯೋ ಸ್ಲೇಟಲ್ಲಿ ಬರ್ಕೊಂಡು ಬಾ. ಅವನ ಹೆಂಡತಿನೇ ಬರೆದ್ರೆ ಯಾರೂ ಕಮಕ್ ಕಿಮಕ್ ಅನ್ನಲ್ಲ."

ಕೆಳಗೆ ದಿಬ್ಬ ತೊಳೆದಿಟ್ಟ ಮೂಳೆಯಂತಿತ್ತು. ಅವಳು ಸ್ಲೇಟು ಎತ್ತಿದಳು.

ಟಣ್. ಟಣ್.

ಗಕ್ಕನೆ ತಿರುಗಿದಳು. ಡಾಕ್ಟರೂ ತಿರುಗಿದ್ದ. ಅವನ ಬ್ರಷ್ ನಿಂತಿತ್ತು, ಮಾಸ್ಕಿನ ಹಿಂದೆ ಕಣ್ಣು ಅರಳಿತ್ತು. ಅವಳು ಹೆಬ್ಬೆರಳು ಎತ್ತಿದಳು.

ಮೇಲೆ, ತೇಲುಬುರುಡೆಯ ಹಗ್ಗ ಹಿಡಿದು ಕೇಳಿದಳು: "ನಿಮಗೂ ಕೇಳಿಸ್ತಾ?"

"ಮೊದಲ ದಿನದಿಂದ್ಲೂ."

"ಮತ್ತೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಿಮ್ಮನ್ನ ನೋಡ್ದಾಗಲೆಲ್ಲ ಕೇಳಿಸುತ್ತೆ. ದೂರ ಇರು ಅಂತ ನಿಮ್ಮ ಯಜಮಾನ್ರು ಗದರ್ತಿದಾರೆ ಅನ್ಕೊಂಡೆ. ನಾಳೆಯಿಂದ ಬರಲ್ಲ ಅಂತ ಹೇಳೋಣ ಅಂತಿದ್ದೆ."

"ನೋಡ್ದಾಗಲೆಲ್ಲ ಅಂದ್ರೆ?"

"ಅಂದ್ರೆ... ಬಹಳ ಸಲ."

ಅಲೆ ಇಬ್ಬರನ್ನೂ ಎತ್ತಿ ಇಳಿಸಿತು. "ಎರಡು ಸಲ ಬಾರಿಸಿದ್ರೆ ದೂರ ಹೋಗು ಅಂತಲ್ಲ, ಡಾಕ್ಟ್ರೇ. ಇಲ್ಲಿ ನೋಡು ಅಂತ."

ಸಿಲಿಂಡರಿನಲ್ಲಿ ಗಾಳಿ ಇನ್ನೂ ಇತ್ತು. ಮತ್ತೆ ಇಳಿದರು. ಗಂಡ ಕಟ್ಟಿದ ಚೌಕಟ್ಟಿಗೆ ಮುಖ ತಾಗುವಷ್ಟು ಹತ್ತಿರ ಹೋದರು. ಅವನು ಟಾರ್ಚ್ ಹಿಡಿದ. ಪ್ರತಿ ಬಿಳಿ ಗುಳಿಯೊಳಗೂ ಹವಳದ ಹುಳುಗಳ ದಾರಕ್ಕಿಂತ ಸಣ್ಣ ಕೈಗಳು, ಬಣ್ಣವೆಲ್ಲ ಕಳೆದುಕೊಂಡೂ, ನೀರಿಗೆ ಚಾಚಿ ಆಡುತ್ತಿದ್ದವು.

ಅವನು ಖುಷಿಗೆ ಹೆಬ್ಬೆರಳು ಎತ್ತಿ, ನೆನಪಾಗಿ ಮಡಚಿಕೊಂಡ. ಅವಳು ಆ ಮುಷ್ಟಿಯನ್ನು ತನ್ನ ಅಂಗೈಯಲ್ಲಿ ಮುಚ್ಚಿ, ಹಾಗೇ ಹಿಡಿದುಕೊಂಡಳು.

ದೋಣಿ ಹತ್ತಿದಾಗಲೂ ಬಿಟ್ಟಿರಲಿಲ್ಲ. ಭಾವ ಅದನ್ನು ನೋಡಿದ, ಆಮೇಲೆ ಖಾಲಿ ಸ್ಲೇಟು ನೋಡಿದ.

"ಬರೀಲಿಲ್ವಾ?"

"ಬಿಳಿಚಿದೆ ಭಾವ. ಸತ್ತಿಲ್ಲ."

"ಎರಡೂ ಒಂದೇ. ತಗೋ, ಬರಿ." ಪೆನ್ಸಿಲು ಚಾಚಿದ.

ದೋಣಿಯ ತಳದಲ್ಲಿ ಟಣ್ ಎಂದಿತು. ಮತ್ತೊಮ್ಮೆ ಟಣ್. ಭಾವನ ಕೈಯಿಂದ ಪೆನ್ಸಿಲು ಬಿತ್ತು. ಅದನ್ನೆತ್ತಿಕೊಂಡು, ದನಿ ಏರಿಸಿ, ಮತ್ತೆ ಚಾಚಿದ.

"ಬರಿ ಅಂದ್ನಲ್ಲ."

"ಬರೆಯಲ್ಲ."